ಗಾಳಿ ಯಾವ ಕಡೆಗಿತ್ತೆಂದು ಕೇಳಿದವರು

ಸತ್ತು ಹದಿನೈದು ದಿನ ತುಂಬದ ಮನುಷ್ಯರೊಬ್ಬರು ನನ್ನ ಫೋನಿನಲ್ಲಿ ನಗುತ್ತ ಪ್ರತ್ಯಕ್ಷರಾದರು. ಚಿತ್ರದ ಸುತ್ತ ಯಾರೋ ಚೆಂಡುಹೂವಿನ ಮಾಲೆ ಕೂರಿಸಿದ್ದರು. ಕೆಳಗೆ ಮುಗಿದ ಎರಡು ಕೈಗಳು. ಮಾಲೆಯ ನಡುವೆ, ಬಿಸಿಲಿಗೆ ಕಣ್ಣು ಕಿರಿದಾಗಿಸಿ, ಬಿಳಿ ಟೋಪಿಯನ್ನು ನೆತ್ತಿಯ ಹಿಂದಕ್ಕೆ ತಳ್ಳಿ ಅವರು ಹೇಳುತ್ತಾರೆ: "ಹಾಕಿಸ್ರಿ, ಫರಕ ಅದ!" ಅಷ್ಟೇ. ಎಂಟು ಸೆಕೆಂಡು. ಆಮೇಲೆ ಒಂದು ಹೊಳೆಯುವ ಡಬ್ಬಿ, ನೀಲಿ ಕಿಡಿಯ ಚಿತ್ರ, ಯಾದಗಿರಿಯ ಅಂಗಡಿಯೊಂದರ ವಿಳಾಸ, ಮತ್ತು ಈ ಸಾಲು: "ಶಹಾಪುರದ ಹಿರಿಯ ಮಿಸ್ತ್ರಿಯವರ ಕೊನೆಯ ಸಲಹೆ."

ಅದು ಅವರ ಕೊನೆಯ ಸಲಹೆಯಾಗಿರಲಿಲ್ಲ. ಅವರು ಹಿಂತೆಗೆದುಕೊಂಡ ಮಾತು ಅದು. ಹಿಂತೆಗೆದುಕೊಳ್ಳಲೆಂದೇ ಮನೆ ಮನೆ ತಿರುಗಿದ ಮಾತು. ಇದನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆ ಎಂಟು ಸೆಕೆಂಡುಗಳನ್ನು ಚಿತ್ರಿಸಿ ಊರಿಗೆಲ್ಲ ಹಂಚಿದವಳು ನಾನೇ.

ಆದ್ದರಿಂದ ಈ ಬರಹವನ್ನು ಶ್ರದ್ಧಾಂಜಲಿಯೆಂದು ಯಾರೂ ಓದಬಾರದು. ಸತ್ತವರ ಬಗ್ಗೆ ಬರೆಯುವಾಗ ನೆನಪು ತಾನಾಗಿಯೇ ಸಿಹಿಯಾಗುತ್ತದೆ, ಮತ್ತು ಸಿಹಿಯಾದ ಯಾವುದನ್ನೂ ನಾನು ಸುಲಭವಾಗಿ ನಂಬುವುದಿಲ್ಲ. ಅವರು ಮುಂಗೋಪಿ. ಹೇಳಿದ ದಿನಕ್ಕೆ ಗಾಡಿ ಕೊಟ್ಟವರಲ್ಲ. ದೊಡ್ಡ ಸಾಹೇಬರ ಕಾರು ಬಂದರೂ, ಸ್ಪ್ಯಾನರ್ ಮುಟ್ಟುವ ಮೊದಲು ಹಣೆ ಗಂಟಿಕ್ಕಿ ಕೇಳುತ್ತಿದ್ದ ಪ್ರಶ್ನೆ ಒಂದೇ: "ಇದಕ್ಕ ಮುಂಚೆ ಯಾರು ಕೈ ಹಾಕ್ಯಾರ?" ಗಾಡಿಗೆ ಬಂದ ರೋಗಕ್ಕಿಂತ ಹಿಂದಿನ ವೈದ್ಯನ ಮೇಲೆ ಅವರಿಗೆ ಹೆಚ್ಚು ಅನುಮಾನ. ಆ ಗುಣವೊಂದರಲ್ಲಿ ನಾವಿಬ್ಬರೂ ಒಂದೇ ಜಾತಿ.

ಅವರ ಷೆಡ್ಡು ಶಹಾಪುರದಿಂದ ಸುರಪುರದ ಕಡೆಗೆ ಹೊರಡುವ ರಸ್ತೆಯ ಅಂಚಿನಲ್ಲಿತ್ತು. ನಾಲ್ಕು ಕಬ್ಬಿಣದ ಕಂಬ, ಮೇಲೆ ತಗಡು, ಪಡುವಲಿಗೆ ಒಂದು ಹರಿದ ತಾಡಪತ್ರಿ. ಹುಟ್ಟಿದ್ದು ಬಳಿಚಕ್ರದಲ್ಲಿ, ಹುಡುಗರಾಗಿದ್ದಾಗಲೇ ಕಾಲುವೆ ಯೋಜನೆಯ ಕ್ಯಾಂಪಿಗೆ ಕೆಲಸಕ್ಕೆ ಸೇರಿ, ಅಲ್ಲಿನ ಪೆಟ್ರೋಲ್ ಜೀಪುಗಳ ಹೊಟ್ಟೆಯೊಳಗೆ ಕೈಯಿಟ್ಟು ಕಲಿತವರು. ಕಾಲುವೆ ಮುಗಿಯಿತು, ಜೀಪುಗಳು ಹರಾಜಾದವು, ಇವರು ಉಳಿದರು. ಡೀಸೆಲ್ ಗಾಡಿ ಬಂದರೆ ಪಕ್ಕದ ಷೆಡ್ಡಿನತ್ತ ಗದ್ದ ತೋರಿಸುತ್ತಿದ್ದರು. ಹಳೆಯ ಪೆಟ್ರೋಲ್ ಕಾರು, ಹಳೆಯ ಜೀಪು ಇರುವ ಯಾದಗಿರಿ, ಶಹಾಪುರ, ಸುರಪುರದ ಮಂದಿಯೆಲ್ಲ ಅಲ್ಲಿಗೇ ಬರಬೇಕು.

ನಮ್ಮಪ್ಪನೂ ಹಾಗೆ ಹೋದವರು. ಅಪ್ಪ ದೇವಾಪುರದವರು, ಪ್ರಾಥಮಿಕ ಶಾಲೆಯ ಮಾಸ್ತರಾಗಿ ನಿವೃತ್ತರಾಗಿ ಸುರಪುರದಲ್ಲಿ ನೆಲೆಸಿದವರು. ಯಾವುದೋ ಕಚೇರಿಯ ಹರಾಜಿನಲ್ಲಿ ಬಿಳಿ ಅಂಬಾಸಿಡರ್ ಕೊಂಡು ತಂದ ದಿನ ನಾನು ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದೆ, ಫೋನಿನಲ್ಲಿ ಜಗಳವಾಡಿದೆ. ಅಪ್ಪ ಒಂದೇ ಮಾತು ಹೇಳಿದರು: "ಇಂಥಾ ಗಾಡಿ ಊರಿಗೆ ಬಂದಾಗ ನಿಮ್ಮಜ್ಜ ಚಪ್ಪಲಿ ಕೈಯಾಗ ಹಿಡಕೊಂಡು ಓಣಿ ಮೂಲ್ಯಾಗ ನಿಂದರ್ತಿದ್ದ. ನಾ ಇದರಾಗ ಕುಂತು ಆ ಓಣಿಗೆ ಹೋಗಬೇಕು." ಬಾಬಾಸಾಹೇಬರ ಚಿತ್ರ ಮತ್ತು ಬುದ್ಧನ ಪುಟ್ಟ ಮೂರ್ತಿ ಅದರ ಮುಂಭಾಗದಲ್ಲಿ ಅಕ್ಕಪಕ್ಕ ಕುಳಿತವು. ಅಪ್ಪನಿಗೆ ಆ ಕಾರು ಕೆಟ್ಟು ನಿಲ್ಲುವುದೆಂದರೆ ರಸ್ತೆಯಲ್ಲಿ ಯಾರೋ ತಮ್ಮನ್ನು ಕೆಳಗಿಳಿಸಿದಂತೆ. ಆ ಭಯವೇ ಮಾರುವವರ ಬಂಡವಾಳ.

ಮಾರುತ್ತಿದ್ದುದು ಇದು. ಹಳೆಯ ಪೆಟ್ರೋಲ್ ಕಾರಿನಲ್ಲಿ ಪಾಯಿಂಟ್ ಎಂಬ ಎರಡು ಪುಟ್ಟ ಲೋಹದ ತುಟಿಗಳು ಕೂಡುತ್ತ ಬಿಡುತ್ತ ಇರುತ್ತವೆ. ಬಿಟ್ಟಾಗಲೆಲ್ಲ ಪ್ಲಗ್ಗಿನಲ್ಲಿ ಕಿಡಿ ಹುಟ್ಟಿ ಪೆಟ್ರೋಲ್ ಉರಿಯುತ್ತದೆ. ತುಟಿಗಳು ಸವೆಯುತ್ತವೆ, ಸುಡುತ್ತವೆ. ಆಗಾಗ ತಿಕ್ಕಿ ಸಂದು ಸರಿಪಡಿಸಬೇಕು. ಅವನ್ನು ಕಿತ್ತು, ಅದೇ ಜಾಗದಲ್ಲಿ ಕೂರಿಸುವ ಎಲೆಕ್ಟ್ರಾನಿಕ್ ಕಿಟ್ ಯಾದಗಿರಿಯ ಆ ಅಂಗಡಿಗೆ ಬಂದಿತ್ತು. ಅದರ ಕರಪತ್ರ ಹೇಳುತ್ತಿತ್ತು: ಮೈಲೇಜ್ ಏರುತ್ತದೆ, ಎಂಜಿನ್ ಬಲ ಏರುತ್ತದೆ, ಜೀವನಪರ್ಯಂತ ಚಿಂತೆಯಿಲ್ಲ. ಎಷ್ಟು ಏರುತ್ತದೆ? ಯಾವ ಗಾಡಿಯಲ್ಲಿ ಅಳೆದರು? ಅಳೆಯುವ ಮೊದಲು ಆ ಗಾಡಿ ಯಾವ ಸ್ಥಿತಿಯಲ್ಲಿತ್ತು? ಯಾರ ಜೀವನಪರ್ಯಂತ, ಗಾಡಿಯದೋ ಕಿಟ್ಟಿನದೋ? ಕರಪತ್ರಕ್ಕೆ ಉತ್ತರ ಹೇಳುವ ಬಾಯಿ ಇರಲಿಲ್ಲ. ಅಂಥ ಒಂದು ಕರಪತ್ರ ಮಿಸ್ತ್ರಿ ಕಾಕಾನ ಷೆಡ್ಡಿನ ಕಂಬಕ್ಕೂ ಅಂಟಿಕೊಂಡಿತ್ತು. ಅದರ ಮೇಲೆ ಅದೇ ಕಿಟ್ಟಿನ ಹೆಸರಿದ್ದ ಒಂದು ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು.

ಗಡಿಯಾರ ಕಂಡ ಕೂಡಲೇ ನನಗೆ ಎಲ್ಲ ಅರ್ಥವಾಯಿತೆಂದುಕೊಂಡೆ. ಅಪ್ಪನ ಜೊತೆ ಮೊದಲ ಸಲ ಅಲ್ಲಿಗೆ ಹೋದ ದಿನವದು. ನಮಸ್ಕಾರವನ್ನೂ ಹೇಳದೆ ಕೇಳಿದೆ: "ಕಾಕಾ, ಕಿಟ್ ಒಂದಕ್ಕ ನಿಮಗ ಎಷ್ಟು ಕೊಡ್ತಾರ?"

ಅಪ್ಪ ನಾಚಿಕೆಯಿಂದ ಕಾರಿನ ಬಾನೆಟ್ ನೋಡತೊಡಗಿದರು. ಕಾಕಾ ಎಮರಿ ಕಾಗದವನ್ನು ಕೆಳಗಿಟ್ಟರು.

"ಮಾಸ್ತರ, ಇಕಿ ನಿಮ್ಮ ಮಗಳೇನ್ರಿ?"

"ಹೌದ್ರಿ. ಓದ್ಯಾಳ ಭಾಳ. ಮನಸಿಗೆ ಹಚಿಗೋಬ್ಯಾಡ್ರಿ."

"ಹಚಿಗೋತೀನಿ. ಇಷ್ಟು ವರ್ಷದಾಗ ಇದನ್ನ ಕೇಳಿದಾಕಿ ಇಕಿ ಒಬ್ಬಾಕಿನೇ." ನನ್ನ ಕಡೆ ತಿರುಗಿದರು. "ಗಡಿಯಾರ ಕೊಟ್ಟಾರವ್ವ. ಹಾಕಿದ್ದಕ್ಕ ಗಿರಾಕಿ ಕಡಿಂದ ಕೂಲಿ ತಗೋತೀನಿ. ಮತ್ತೇನು ತಗೊಂಡಿಲ್ಲ. ನಂಬ್ತೀ?"

"ಇಲ್ಲ."

"ಚಲೋ ಆತು. ನಂಬಬ್ಯಾಡ. ಕೂಡು."

"ಕೂಡು" ಎಂಬುದು ಅವರ ವಾದ ಮಾಡುವ ರೀತಿ. ಮಾತಿಗೆ ಮಾತು ಬೆಳೆಯುವ ಕಡೆ ಅವರು ಕಾರಿನ ಮುಂಬದಿಯ ಬಾಗಿಲು ತೆಗೆದು, ಎದುರಾಳಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟುಬಿಡುತ್ತಿದ್ದರು. ಬ್ರೇಕು ಹಿಡಿಯುತ್ತಿಲ್ಲ ಎಂದವರನ್ನೂ, ಬಿಲ್ಲು ಹೆಚ್ಚಾಯಿತು ಎಂದವರನ್ನೂ ಹೀಗೇ ಕೂರಿಸಿದವರು. ನನ್ನನ್ನು ಆ ದಿನ ಕೂರಿಸಲಿಲ್ಲ. ಆಷಾಢದಲ್ಲಿ ಬಾ ಎಂದರು. ಅಪ್ಪನ ಕಾರಿಗೆ ಕಿಟ್ ಹಾಕುವ ಮೊದಲು ಅಳೆದು ನೋಡುವುದು, ನಾನು ಸಾಕ್ಷಿ.

ಕಿಟ್ಟಿನ ಬಗ್ಗೆ ಅವರಿಗೂ ಪೂರ್ತಿ ನಂಬಿಕೆಯಿರಲಿಲ್ಲ. ಅಂಗಡಿಯವನು ಊರೂರಿಗೆ ಒಂದು ಪೆಟ್ಟಿಗೆ ತಂದು, ಬಟನ್ ಒತ್ತಿ, ಬೆರಳುದ್ದದ ನೀಲಿ ಕಿಡಿಯನ್ನು ಗಾಳಿಯಲ್ಲಿ ಚಟಪಟ ಹಾರಿಸಿ ತೋರಿಸುತ್ತಿದ್ದ. ಪಕ್ಕದಲ್ಲಿ ಹಳೆಯ ಪಾಯಿಂಟಿನ ಬಡಕಲು ಹಳದಿ ಕಿಡಿ. ನೋಡಿದವರು ಬಾಯಿ ತೆರೆಯುತ್ತಿದ್ದರು. ಕಾಕಾ ಮಾತ್ರ ಕಿರುಬೆರಳಿನ ಉಗುರಿನ ಅಂಚು ತೋರಿಸಿ ಹೇಳುತ್ತಿದ್ದರು: "ಪ್ಲಗ್ಗಿನ ಬಾಯಾಗ ಸಂದಿ ಇರೋದು ಇಷ್ಟ. ಅಷ್ಟು ದಾಟಿದ್ರ ಅದರ ಕೆಲಸ ಮುಗೀತು. ಒಲಿ ಹಚ್ಚಾಕ ಕಡ್ಡಿ ಸಾಕ್ರಿ. ಪಂಜು ಹಿಡಿದ್ರ ರೊಟ್ಟಿ ಲಗೂ ಬೇಯತೈತೇನು?" ಒಂದು ತಾಂತ್ರಿಕ ಲೇಖನ ನಾಲ್ಕು ಪುಟದಲ್ಲಿ ಹೇಳುವುದನ್ನು ಅವರು ಒಲೆಯ ಮುಂದೆ ಕೂರಿಸಿ ಹೇಳಿದ್ದರು.

ಇನ್ನೊಂದು ತಕರಾರೂ ಇತ್ತು. ಸುಟ್ಟ ಪಾಯಿಂಟು, ಮಸಿ ಹಿಡಿದ ಪ್ಲಗ್ಗು, ಬಿರುಕುಬಿಟ್ಟ ವೈರಿನ ಗಾಡಿಯನ್ನು ತರುತ್ತಾರೆ. ಕಿಟ್ಟಿನ ಜೊತೆಗೆ ಪ್ಲಗ್ಗೂ ಹೊಸದು, ವೈರೂ ಹೊಸದು, ಟೈಮಿಂಗೂ ಸರಿ ಮಾಡಿಸುತ್ತಾರೆ. ಗಾಡಿ ಕುದುರೆಯಂತೆ ಓಡುತ್ತದೆ. ಹೆಸರು ಕಿಟ್ಟಿಗೆ ಹೋಗುತ್ತದೆ. "ಜಳಕ ಮಾಡಿಸಿ, ಹೊಸ ಅಂಗಿ ತೊಡಿಸಿ, ಆಮ್ಯಾಲ ಟೋಪಿ ಇಟ್ಟು, ಟೋಪಿಯಿಂದ ಚಂದ ಕಾಣಾಕತ್ಯಾನ ಅಂದಂಗ" ಎನ್ನುತ್ತಿದ್ದರು. ಅದಕ್ಕೇ ಅವರ ನಿಯಮ: ಹೊಸದನ್ನು ಹಾಕುವ ಮೊದಲು ಹಳೆಯದನ್ನು ಪೂರ್ತಿ ಸರಿಮಾಡಬೇಕು. ಆಮೇಲೆ ಹೋಲಿಸಬೇಕು. ತೆಗೆದ ಹಳೆಯ ಪಾಯಿಂಟನ್ನೂ ಅದರ ಜೊತೆಯ ಪುಟ್ಟ ಭಾಗವಾದ ಕಂಡೆನ್ಸರನ್ನೂ ತಗಡಿನ ಡಬ್ಬಿಯಲ್ಲಿ ಎಣ್ಣೆಬಟ್ಟೆ ಸುತ್ತಿಟ್ಟು, ಒಂದು ತುಂಡು ಹ್ಯಾಕ್ಸಾ ಬ್ಲೇಡನ್ನು ಜೊತೆಗಿಟ್ಟು, ಡ್ರೈವರ್ ಸೀಟಿನ ಕೆಳಗೆ ತುರುಕುತ್ತಿದ್ದರು. ಬ್ಲೇಡಿನ ದಪ್ಪವೇ ಪಾಯಿಂಟಿನ ಸಂದಿನ ಅಳತೆ.

ಇಷ್ಟು ಎಚ್ಚರದ ಮನುಷ್ಯರು ಆಷಾಢದ ಆ ದಿನ ತಪ್ಪಿದರು. ನಾನೂ ತಪ್ಪಿದೆ, ನನ್ನ ಕಣ್ಣಮುಂದೆಯೇ.

ಅಳತೆಯ ಸಾಧನ ಒಂದು ಹಳೆಯ ಗಾಜಿನ ಸಲಾಯಿನ್ ಬಾಟಲಿ. ಟ್ಯಾಂಕಿನ ನಳಿಗೆಯನ್ನು ಬಿಚ್ಚಿ, ಬಾಟಲಿಯಿಂದ ಪೆಟ್ರೋಲ್ ನೇರ ಎಂಜಿನ್ನಿಗೆ ಇಳಿಯುವಂತೆ ಮಾಡಿ, ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. "ನರ್ಸಬಾಯಿ, ಮ್ಯಾಲೆತ್ತಿ ಹಿಡಿ. ಪೇಶಂಟ್ ಕಡಿ ಲಕ್ಷ್ಯ ಇರಲಿ." ಹಿಂದಿನ ಸೀಟಿನಲ್ಲಿ ಅಪ್ಪ, ಮಡಿಲಲ್ಲಿ ನೋಟ್‌ಬುಕ್ಕು. ಪಾಯಿಂಟುಗಳನ್ನು ಹೊಸದರಂತೆ ಸರಿಮಾಡಿ, ಷೆಡ್ಡಿನಿಂದ ಬೆಳಿಗ್ಗೆ ಸುರಪುರದ ಕಡೆ ಹೊರಟೆವು. ಬಾಟಲಿ ಬರಿದಾಗಿ ಕಾರು ಕೆಮ್ಮಿ ನಿಂತ ಜಾಗದಲ್ಲಿ ಒಂದು ಇಟ್ಟಿಗೆ ತುಂಡು ಇಟ್ಟರು. ಆಮೇಲೆ ಟ್ಯಾಂಕಿನ ಪೆಟ್ರೋಲಿನಲ್ಲಿ ಸುರಪುರಕ್ಕೆ ಹೋದೆವು. ನಮ್ಮ ಮನೆಯ ಮುಂದೆ ಕಿಟ್ ಕೂರಿಸಿದರು. ಅವ್ವನ ಕೈಯ ರೊಟ್ಟಿ ತಿಂದರು. ಮಧ್ಯಾಹ್ನ ಅಷ್ಟೇ ಪೆಟ್ರೋಲ್ ತುಂಬಿದ ಬಾಟಲಿ ಹಿಡಿದು ಶಹಾಪುರದ ಕಡೆ ಮರಳಿದೆವು. ಈ ಸಲ ಕಾರು ನಿಲ್ಲಲೇ ಇಲ್ಲ. ರಸ್ತೆಬದಿಯ ಮೈಲಿಗಲ್ಲುಗಳನ್ನೆಣಿಸುತ್ತಿದ್ದ ಅಪ್ಪ, "ಇನ್ನೊಂದು ದಾಟಿತಲೇ!" ಎಂದು ಮಗುವಿನಂತೆ ಕೂಗಿದರು. ಕೊನೆಗೆ ನಿಂತಾಗ, ಬೆಳಿಗ್ಗೆ ಓಡಿದ್ದಕ್ಕಿಂತ ಒಂದು ಕಲ್ಲಿನಷ್ಟು ದೂರ ಹೆಚ್ಚು ಓಡಿತ್ತು.

ನನ್ನ ಅನುಮಾನ ಸೋತಿತ್ತು. ಸೋಲನ್ನು ಪ್ರಾಮಾಣಿಕವಾಗಿ ಒಪ್ಪುವುದೇ ಹೊಣೆಗಾರಿಕೆ ಎಂಬ ಹುಮ್ಮಸ್ಸಿನಲ್ಲಿ ಬಾಟಲಿ ಕೆಳಗಿಟ್ಟು ಫೋನ್ ಎತ್ತಿದೆ. "ಕಾಕಾ, ಏನಂತೀರಿ ಈಗ?" ಅವರು ಟೋಪಿ ಹಿಂದಕ್ಕೆ ತಳ್ಳಿದರು. "ಹಾಕಿಸ್ರಿ, ಫರಕ ಅದ!" ಮನೆ ಸೇರುವ ಮೊದಲೇ ಅದನ್ನು ಹಂಚಿದೆ, ಮೇಲೆ, "ಕಣ್ಣಾರೆ ಕಂಡೆ, ನನ್ನ ಅನುಮಾನ ತಪ್ಪು" ಎಂದು ಬರೆದೆ. ಎರಡೇ ದಿನಗಳಲ್ಲಿ ನನ್ನ ಸಾಲು ಕಳಚಿಬಿದ್ದು, ಅಂಗಡಿಯ ವಿಳಾಸ ಅಂಟಿಕೊಂಡು, ವಿಡಿಯೊ ನನಗೇ ಮರಳಿ ಬಂತು.

ವಾರದ ಬಳಿಕ ಕಾಕಾ ಬರಿದಲೆಯಲ್ಲಿ ನಮ್ಮ ಮನೆ ಬಾಗಿಲಿಗೆ ಬಂದು ನಿಂತರು. ಅವರನ್ನು ಟೋಪಿಯಿಲ್ಲದೆ ನಾನು ನೋಡಿರಲಿಲ್ಲ. ಕೈಯಲ್ಲಿ ಟೋಪಿಯಿತ್ತು, ಕೆಸರಾಗಿತ್ತು.

"ತಂಗಿ, ನೀ ಹಾಕಿದ ವಿಡಿಯೊ ತಗಿ."

"ಯಾಕ ಕಾಕಾ?"

"ಬಸ್ಸಿನಿಂದ ಇಳದೆ. ಸುರಪುರದ ಗಾಳಿಗೆ ಟೋಪಿ ಹಾರಿತು. ಹಿಂದ ಓಡಿದೆ. ಅದು ಎತ್ತಾಗ ಹೋತು ಗೊತ್ತೇನು? ಶಹಾಪುರದ ಕಡಿ! ಮಂದಿ ನಗಾಕತ್ರು. ನಾ ರಸ್ತೆ ನಡು ನಿಂತುಬಿಟ್ಟೆ."

ಅಪ್ಪ ಹೊರಗೆ ಬಂದರು. "ಏನಾತ್ರಿ ಮಿಸ್ತ್ರಿ?"

"ಮಾಸ್ತರ, ಆವತ್ತ ಹೋಗೂವಾಗ ಎದುರುಗಾಳಿ ಇತ್ರಿ. ಬರೂವಾಗ ಬೆನ್ನಿಗಿತ್ತು. ಮುಂಜಾನಿ ಎಂಜಿನ್ನು ತಣ್ಣಗ, ಮಧ್ಯಾಹ್ನ ಬಿಸಿ. ಹೋಗೂವಾಗ ಅಳದ ರಸ್ತೆ ತುಂಡು ಒಂದು, ಬರೂವಾಗ ಅಳದದ್ದು ಇನ್ನೊಂದು. ಆಷಾಢದ ಗಾಳಿ ದೂಡಿದ್ದನ್ನ ನಾ ಕಿಟ್ಟಿನ ಹೆಸರಿಗೆ ಬರದೀನಿ. ನನ್ನ ಷೆಡ್ಡಿನ ತಾಡಪತ್ರಿ ಇಡೀ ತಿಂಗಳು ಪಟಪಟ ಬಡಕೊಂಡು ಹೇಳಾಕತ್ತಿತ್ತು. ಕೇಳಲಿಲ್ಲ ನಾ."

ನಾನು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಸಂಶೋಧನಾ ವಿಧಾನವೆಂಬ ವಿಷಯ ಓದಿದವಳು. ಹೋಲಿಸುವಾಗ ಒಂದನ್ನು ಮಾತ್ರ ಬದಲಿಸಬೇಕು, ಉಳಿದದ್ದೆಲ್ಲ ಸಮವಿರಬೇಕು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು. ಅದೇ ಎದುರುಗಾಳಿಗೆ ನನ್ನ ಓಢಣಿ ಕಿಟಕಿಯಿಂದ ಹಿಂದಕ್ಕೆ ಹಾರುತ್ತಿದ್ದಾಗ ನಾನು ಅದನ್ನು ಮಡಿಲಿಗೆ ಸಿಕ್ಕಿಸಿಕೊಂಡೆನೇ ಹೊರತು ಯೋಚಿಸಲಿಲ್ಲ. ತಪ್ಪು ಕಂಡುಹಿಡಿದದ್ದು ಟೋಪಿಯ ಹಿಂದೆ ಓಡಿದ ಮುದುಕರು.

ಎರಡನೆಯ ಪರೀಕ್ಷೆಗೆ ಇಡೀ ದಿನ ಹಿಡಿಯಿತು. ಕಿಟ್ ತೆಗೆದು ಪಾಯಿಂಟು ಮರಳಿ ಕೂರಿಸಿ, ಮೊದಲು ಎಂಜಿನ್ ಬಿಸಿ ಮಾಡಿದರು. ಒಂದೇ ತುಂಡು ರಸ್ತೆ, ಎರಡೂ ದಿಕ್ಕು, ಪಾಯಿಂಟಿನಲ್ಲಿ ಹೋಗಿ ಪಾಯಿಂಟಿನಲ್ಲೇ ಬಂದು, ಬೇವಿನ ಮರದ ಕೆಳಗೆ ಕಿಟ್ ಕೂರಿಸಿ, ಕಿಟ್ಟಿನಲ್ಲಿ ಹೋಗಿ ಕಿಟ್ಟಿನಲ್ಲೇ ಬಂದದ್ದು. ಪ್ರತಿ ಸಲವೂ ಅಷ್ಟೇ ಪೆಟ್ರೋಲ್, ಕಾರು ನಿಂತ ಜಾಗದಲ್ಲಿ ಪಾಯಿಂಟಿಗೆ ಇಟ್ಟಿಗೆ ತುಂಡು, ಕಿಟ್ಟಿಗೆ ಬಿಳಿ ಕಲ್ಲು. ಎದುರುಗಾಳಿಯಲ್ಲಿ ಬಿಳಿ ಕಲ್ಲು ಇಟ್ಟಿಗೆಗಿಂತ ಏಳೆಂಟು ಹೆಜ್ಜೆ ಮುಂದೆ ಬಿತ್ತು. ಬೆನ್ನುಗಾಳಿಯಲ್ಲಿ ಇಟ್ಟಿಗೆಯೇ ಬಿಳಿ ಕಲ್ಲಿಗಿಂತ ಅಷ್ಟೇ ಹೆಜ್ಜೆ ಮುಂದೆ. ಕಾಕಾ ರಸ್ತೆಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಎರಡನ್ನೂ ನೋಡಿ ನಕ್ಕರು. "ಇದು ಕಿಟ್ಟಿನ ಫರಕ ಅಲ್ಲವ್ವ. ಎಕ್ಸಿಲೇಟರ್ ಮ್ಯಾಲಿನ ನನ್ನ ಕಾಲಿನ ಫರಕ."

"ಹಂಗಾರ ಕಿಟ್ ಸುಳ್ಳೇನ್ರಿ?" ಎಂದರು ಅಪ್ಪ.

"ಅದು ಸುಳ್ಳಲ್ರಿ. ಅದರ ಬಗ್ಗೆ ಹೇಳೋದು ಸುಳ್ಳು. ತಂಪಿನಾಗ ಸಟ್ನ ಚಾಲೂ ಆಗತೈತಿ. ತಿಂಗಳಿಗೊಮ್ಮಿ ಪಾಯಿಂಟ್ ತಿಕ್ಕೋದು ತಪ್ಪತೈತಿ. ಅಷ್ಟಕ್ಕ ಬೇಕಂದ್ರ ಹಾಕ್ರಿ. ಎಣ್ಣಿ ಉಳೀತದ, ಗಾಡಿ ಹಾರ್ತದ ಅಂದ್ರ ಹಾಕಬ್ಯಾಡ್ರಿ. ಯಾಕ ಹಾಕಾಕತ್ತೀವಿ ಅಂಬೋದು ಗೊತ್ತಿರಲಿ."

ಡ್ಯಾಶ್‌ಬೋರ್ಡಿಗೆ ಫೋನ್ ಕಟ್ಟಿ ಇದನ್ನೆಲ್ಲ ಚಿತ್ರಿಸಿದ್ದೆ. ಹಳೆಯ ವಿಡಿಯೊ ಅಳಿಸಿ ಇದನ್ನು ಹಾಕಿದೆ. ಮುಕ್ಕಾಲು ತಾಸಿನ ರಸ್ತೆ, ಬೇವಿನ ಮರ, ಇಟ್ಟಿಗೆ, ಕಲ್ಲು. ನೋಡಿದವರು ನನ್ನ ಗೆಳತಿಯರು ಮಾತ್ರ. ಅವರೂ ಅರ್ಧಕ್ಕೆ ಬಿಟ್ಟರು. ಎಂಟು ಸೆಕೆಂಡಿನದು ಮಾತ್ರ ಅಂಗಡಿಯವನ ಬಳಿ ಉಳಿದು, ತಿರುಗುತ್ತಲೇ ಇತ್ತು.

ಗ್ರಾಹಕರ ವೇದಿಕೆಗೆ ದೂರು ಕೊಡೋಣ ಎಂದು ಪಟ್ಟು ಹಿಡಿದೆ. ಅರ್ಜಿಯನ್ನೂ ಬರೆದೆ. ಕಾಕಾ ಸಹಿ ಮಾಡಲಿಲ್ಲ. "ನೀ ಕೊಡು, ಬ್ಯಾಡ ಅನ್ನಂಗಿಲ್ಲ. ಆದ್ರ ಅಂವ ಹೇಳಿದ್ದು ಅಂವನ ಜಿಮ್ಮಾ. ನಾ ಹೇಳಿದ್ದು ನನ್ನ ಜಿಮ್ಮಾ. ಮೊದಲ ನನ್ನ ಬಾಯಿ ತೊಳಕೋತೀನಿ." ಅರ್ಜಿ ನನ್ನ ಚೀಲದಲ್ಲೇ ಉಳಿಯಿತು. ಆಗ ನನಗೆ ಇದು ಹೇಡಿತನವಾಗಿ ಕಂಡಿತು. ಇವತ್ತಿಗೂ, ಅವರು ಸಹಿ ಮಾಡಬೇಕಿತ್ತೆಂದೇ ನಂಬುತ್ತೇನೆ. ತನ್ನ ತಪ್ಪನ್ನು ತಾನು ತಿದ್ದಿಕೊಳ್ಳುವ ಒಳ್ಳೆಯವರ ಮೌನದ ಮೇಲೆಯೇ ತಿದ್ದಿಕೊಳ್ಳದವರ ವ್ಯಾಪಾರ ನಡೆಯುತ್ತದೆ.

ಆದರೆ ಅವರು ಬಾಯಿ ತೊಳೆದುಕೊಂಡ ರೀತಿಯನ್ನು ನಾನು ಕಂಡಿದ್ದೇನೆ. ಕಂಬದ ಗಡಿಯಾರವನ್ನು ಇಳಿಸಿ, ಪಂಚೆಯಲ್ಲಿ ಸುತ್ತಿ, ಬಗಲಲ್ಲಿಟ್ಟುಕೊಂಡು ಯಾದಗಿರಿ ಬಸ್ಸು ಹತ್ತಿದರು, ನಾನು ಜೊತೆಗಿದ್ದೆ. ಬಸ್ಸಿನುದ್ದಕ್ಕೂ ಅವರ ಬಗಲಲ್ಲಿ ಟಿಕ್ ಟಿಕ್. ಅಂಗಡಿಯ ಮೇಜಿನ ಮೇಲೆ ಗಡಿಯಾರ ಇಟ್ಟು, "ನಾ ಹೇಳಿದ್ದು ತಪ್ಪಾಗೇತ್ರಿ. ನನ್ನ ಮಾರಿ ತೋರಸಬ್ಯಾಡ್ರಿ" ಎಂದರು. ಅಂಗಡಿಯವನು ಎದ್ದು ನಿಂತು ಕುರ್ಚಿ ಕೊಟ್ಟ, ಚಹಾ ತರಿಸಿದ. "ನೀವು ಹಿರಿಯರು, ನೀವಂದಂಗ ಆಗ್ಲಿ ಕಾಕಾ." ಕಾಕಾ ಚಹಾ ಕುಡಿದರು. ಆ ಚಹಾಕ್ಕಾಗಿ ನಾನು ಬಸ್‌ಸ್ಟ್ಯಾಂಡಿನವರೆಗೂ ಅವರೊಂದಿಗೆ ಮಾತನಾಡಲಿಲ್ಲ. ಅವರೇ ಹೇಳಿದರು: "ಅಂವ ತಗಿಯಂಗಿಲ್ಲ. ನನಗೂ ಗೊತ್ತದ. ಚಾ ಮಾತ್ರ ಚಲೋ ಇತ್ತು."

ಅದರ ನಂತರ ಅವರು ಕಿಟ್ ಹಾಕಿಕೊಟ್ಟಿದ್ದ ಪ್ರತಿಯೊಬ್ಬರ ಮನೆಗೂ ಹೋದರು. ಸೀಟಿನ ಕೆಳಗಿನ ಡಬ್ಬಿ ತೆಗೆಸಿ, ತಾವೇ ಬರೆದ ಒಂದು ಚೀಟಿಯನ್ನು ಒಳಗಿಟ್ಟು, ಮುಚ್ಚಿ, ಬರುತ್ತಿದ್ದರು. ಕೆಲವರು ಬೈದರು. ಒಬ್ಬ ಕೇಳಿದನಂತೆ: "ಗಾಡಿ ಚಲೋ ಓಡಾಕತ್ತದಲ್ಲ, ನಿನಗ್ಯಾಕ ಹೊಟ್ಟಿಬ್ಯಾನಿ?" ಇನ್ನೊಬ್ಬರ ಮನೆಯಲ್ಲಿ, ಬೇರೆ ಕಂಪನಿಯವರು ಕಳಿಸಿದರೇನು ಎಂದು ಅನುಮಾನಿಸಿದರು. ನಾನು ಮೊದಲ ದಿನ ಕೇಳಿದ ಪ್ರಶ್ನೆ ತಿರುಗಿ ಅವರ ಬಾಗಿಲಿಗೇ ಬಂದಿತ್ತು: ಎಷ್ಟು ಕೊಟ್ಟಾರ?

ಆ ಡಬ್ಬಿಯ ಬೆಲೆ ನಮಗೆ ತಿಳಿದದ್ದು ಕೊಡೇಕಲ್ ದಾರಿಯಲ್ಲಿ. ಯಾರನ್ನೋ ಮಾತನಾಡಿಸಲೆಂದು ಅಪ್ಪ ಕಾರು ನಿಲ್ಲಿಸುವಾಗ ಎಂಜಿನ್ ತಾನಾಗಿಯೇ ಆರಿತ್ತು, ಚಾವಿಯನ್ನು ತಿರುಗಿಸಿ ಬಂದ್ ಮಾಡದೆ ಬಹಳ ಹೊತ್ತು ಹಾಗೇ ಬಿಟ್ಟಿದ್ದರು. ಮರಳಿ ಬಂದಾಗ ಕಾರು ಮಿಸುಕಲಿಲ್ಲ. ಮುನ್ಸೂಚನೆಯಿಲ್ಲ, ಕೆಮ್ಮಿಲ್ಲ, ಕಿಟ್ ಸತ್ತಿತ್ತು. ಅಪ್ಪನ ಮುಖ ಬಾಡಿತು. ಬೈಕಿನಲ್ಲಿ ಹೋಗುತ್ತಿದ್ದವರು ನಿಧಾನಿಸಿ ನೋಡುತ್ತಿದ್ದರು. ಫೋನಿನಲ್ಲಿ ಕಾಕಾನ ದನಿ: "ಮಾಸ್ತರ, ಯಾರೋ ನಿಮ್ಮನ್ನ ಇಳಿಸ್ಯಾರಂತ ತಿಳೀಬ್ಯಾಡ್ರಿ. ಸೀಟಿನ ಕೆಳಗ ಡಬ್ಬಿ ಅದ. ಬ್ಲೇಡ್ ತಗೋರಿ." ಅರ್ಧ ತಾಸಿನಲ್ಲಿ ಅಪ್ಪ, ಜೀವನದಲ್ಲಿ ಸ್ಕ್ರೂಡ್ರೈವರ್ ಹಿಡಿಯದ ಮಾಸ್ತರರು, ಹಳೆಯ ಪಾಯಿಂಟು ಕೂರಿಸಿ, ಬ್ಲೇಡಿನಿಂದ ಸಂದು ಅಳೆದು, ಕಾರು ಚಾಲೂ ಮಾಡಿದರು. ಚಾವಿ ಹಾಗೇ ಬಿಟ್ಟರೆ ಕಿಟ್ ಸುಟ್ಟುಹೋಗುತ್ತದೆಂಬ ಎಚ್ಚರಿಕೆಯನ್ನು ಆಮೇಲೆ ಹುಡುಕಿದೆ. ಇತ್ತು. ಪೆಟ್ಟಿಗೆಯ ತಳದಲ್ಲಿ, ಇರುವೆಗಾತ್ರದ ಇಂಗ್ಲಿಷಿನಲ್ಲಿ. ಮೈಲೇಜಿನ ಮಾತು ಮಾತ್ರ ಕನ್ನಡದಲ್ಲಿ, ಅಂಗೈಯಗಲ. ಕಾಕಾ ಆಮೇಲೆ ತಮ್ಮ ಚೀಟಿಗಳಿಗೆ ಚಾವಿಯ ಮಾತನ್ನೂ ಸೇರಿಸಿದರು.

ಕಾಕಾ ಈ ಬೇಸಿಗೆಯಲ್ಲಿ ತೀರಿಕೊಂಡರು. ಮಾಲೆ ತೊಟ್ಟ ವಿಡಿಯೊ ಬಂದ ಮರುದಿನ ಅಪ್ಪ, ನಾನು ಅದೇ ಕಾರಿನಲ್ಲಿ ಯಾದಗಿರಿಗೆ ಹೋದೆವು. ಅಂಗಡಿಯ ಒಳಗೆ ದೊಡ್ಡ ಪರದೆಯಲ್ಲಿ ಕಾಕಾ ನಗುತ್ತಿದ್ದರು: ಹಾಕಿಸ್ರಿ, ಫರಕ ಅದ. ಹಾಕಿಸ್ರಿ, ಫರಕ ಅದ. ಗೋಡೆಯ ಮೇಲೆ ಅವರು ಮರಳಿಸಿದ್ದ ಗಡಿಯಾರ. ಮೇಜಿನ ಮುಂದೆ ಒಬ್ಬ ನಡುವಯಸ್ಸಿನ ರೈತರು ಕಿಟ್ಟಿನ ಡಬ್ಬಿಯನ್ನು ಕೈಯಲ್ಲಿ ತಿರುವುತ್ತಿದ್ದರು. ಹೊರಗೆ ಅವರ ಹಳೆಯ ಪೆಟ್ರೋಲ್ ಜೀಪು ನಿಂತಿತ್ತು.

"ಈ ವಿಡಿಯೊ ತಗೀರಿ. ಇಲ್ಲಾಂದ್ರ ಪೂರ್ತಿ ತೋರಸ್ರಿ" ಎಂದೆ.

"ನಾವು ಅವರಿಗೆ ಗೌರವ ಕೊಟ್ಟೀವಿ ಮೇಡಂ. ಹೂವಿನ ಮಾಲಿ ಹಾಕೀವಿ."

"ಅವರು ನಿಮ್ಮ ಮುಂದ ನಿಂತು ತಪ್ಪಾಗೇತಿ ಅಂದಿದ್ರು. ನಾ ಇದ್ದೆ."

ಅಂಗಡಿಯವನು ಮೃದುವಾಗಿಯೇ ನಕ್ಕ. "ಅಂದಿದ್ರೇನೋ. ಈಗ ಕೇಳಾಕ ಅವರಿಲ್ಲಲ್ರಿ. ವಿಡಿಯೊ ತಗದಾಕಿ ನೀವ. ಕಣ್ಣಾರೆ ಕಂಡೆ ಅಂತ ಬರದಾಕಿನೂ ನೀವ. ಯಾವ ನೀವು ಖರೆ?"

ಅದು ನ್ಯಾಯವಾದ ಪ್ರಶ್ನೆ. ಅವನಿಂದ ಬಂದದ್ದೆಂಬ ಕಾರಣಕ್ಕೆ ನಾನು ಅದನ್ನು ತಳ್ಳಿಹಾಕಲಾರೆ. "ಅವತ್ತಿನ ನಾನು ತಪ್ಪು" ಎಂದೆ. ಆಗ ಅಪ್ಪ ಕಾರಿನಿಂದ ಡಬ್ಬಿ ತಂದು ಮೇಜಿನ ಮೇಲೆ ತೆರೆದರು. ಎಣ್ಣೆಬಟ್ಟೆಯ ನಡುವಿನ ಚೀಟಿಯನ್ನು ಬಿಡಿಸಿ, ತರಗತಿಯಲ್ಲಿ ಪಾಠ ಓದುವಂತೆ ಒಂದೊಂದೇ ಮಾತು ಬಿಡಿಸಿ ಓದಿದರು:

"ಹಾಕಿಸ್ರಿ ಅಂದಿದ್ದೆ. ಹೋಗೂವಾಗ ಎದುರುಗಾಳಿ, ಬರೂವಾಗ ಬೆನ್ನಗಾಳಿ ಇತ್ತು. ನಾ ಅದನ್ನ ನೋಡಲಿಲ್ಲ. ಎಣ್ಣಿ ಉಳಿಯಂಗಿಲ್ಲ. ಚಾಲೂ ಮಾಡಾಕ ಸರಳ. ಚಾವಿ ಹಂಗ ಬಿಡಬ್ಯಾಡ್ರಿ. ಈ ಡಬ್ಬಿ ಬಿಸಾಡಬ್ಯಾಡ್ರಿ. ತಪ್ಪು ನಂದು." ಕೆಳಗೆ ಅವರ ಸಹಿ.

ಪರದೆಯ ಮೇಲೆ ಅವರು ಮತ್ತೊಮ್ಮೆ ನಕ್ಕು, ಹಾಕಿಸ್ರಿ ಎಂದರು.

ಅಪ್ಪ ಹೊರಗೆ ಹೋಗಿ ಕಾರಿನ ಮುಂಬದಿಯ ಬಾಗಿಲು ತೆಗೆದರು. ಕಾಕಾನ ಗಾಜಿನ ಬಾಟಲಿ ಒಳಗೆ ತೂಗಾಡುತ್ತಿತ್ತು. ಷೆಡ್ಡು ಖಾಲಿ ಮಾಡುವಾಗ ಅವರ ಮನೆಯವರಲ್ಲಿ ನಾವು ಕೇಳಿ ತಂದದ್ದು ಅದೊಂದೇ. "ಬಾಯಿ ಮಾತು ಬ್ಯಾಡ್ರಿ. ಹೊಸಾ ಕಿಟ್ ಒಂದು ತಗೊಂಡು ಬರ್ರಿ, ಕೂಡ್ರಿ" ಎಂದು ಅಂಗಡಿಯವನನ್ನು ಕರೆದರು.

"ದುಕಾನ ಬಿಟ್ಟು ಹ್ಯಾಂಗ ಬರ್ಲಿ ಮಾಸ್ತರ?" ಎಂದು ಅವನು ಕುಳಿತಲ್ಲೇ ಕುಳಿತ.

ತೆರೆದ ಬಾಗಿಲು ಹಾಗೇ ಇತ್ತು. ಜೀಪಿನ ರೈತರು ಚೀಟಿಯನ್ನು ಅಪ್ಪನ ಕೈಯಿಂದ ತೆಗೆದುಕೊಂಡು ತಾವೂ ಒಮ್ಮೆ ತುಟಿಯಾಡಿಸುತ್ತ ಓದಿದರು. ಕೈಯಲ್ಲಿದ್ದ ಕಿಟ್ಟಿನ ಡಬ್ಬಿಯ ಕಡೆ ನೋಡಿ, ಅದನ್ನು ಅಂಗಡಿಯವನತ್ತ ಎತ್ತಿ ತೋರಿಸಿ, "ಇದನ್ನ ಹಚ್ಚಿ ನೋಡಿ ತರ್ತೀನಿ. ಹೇಳಿದಂಗ ಓಡಿದ್ರ ತಗೋತೀನಿ" ಎಂದರು. ಆಮೇಲೆ ಬಂದು ಅಪ್ಪನ ಪಕ್ಕದ ಸೀಟಿನಲ್ಲಿ ಕುಳಿತು, ಬಾಟಲಿಯನ್ನು ಮೇಲೆತ್ತಿ ಹಿಡಿದು, ಕಿಟಕಿಯಿಂದ ಇನ್ನೊಂದು ಕೈ ಹೊರಚಾಚಿದರು.

"ಮಾಸ್ತರ, ಇವತ್ತ ಗಾಳಿ ಯಾವ ಕಡಿ ಅದ್ರಿ?"